ಚೀನಾದ ಗುಮಾಸ್ತ, ನಮ್ಮೂರ ಉತಾರ

ನಮ್ಮ ಕಡೆ ಹೊಲದ ಪಹಣಿಗೆ ‘ಉತಾರ’ ಅಂತಾರೆ. ಬೆಂಗಳೂರಿನಲ್ಲಿ ನಮ್ಮ ತಂಡದವರಿಗೆ ಒಮ್ಮೆ “ಉತಾರದ ಕೆಲಸ ಇದೆ, ಊರಿಗೆ ಹೋಗಬೇಕು, ಎರಡು ದಿನ ರಜೆ” ಅಂದಾಗ, ಅದು ಯಾವ ಹಬ್ಬ ಅಂತ ಕೇಳಿದ್ದರು. ಹಬ್ಬ ಅಲ್ಲ, ಒಂದು ಹಾಳೆ. ಸರ್ವೆ ನಂಬರು, ಎಷ್ಟು ಎಕರೆ, ಎಷ್ಟು ಗುಂಟೆ, ಏನು ಬೆಳೆ, ಯಾರ ಹೆಸರು, ಎಲ್ಲ ಅದರಲ್ಲಿ ಇರುತ್ತದೆ. ಹಾನಗಲ್ ತಾಲೂಕಿನ ನಮ್ಮೂರಲ್ಲಿ ಮನುಷ್ಯನ ತೂಕ ಗೊತ್ತಾಗುವುದು ಆ ಹೆಸರಿನ ಕಾಲಂನಿಂದ.

ಎರಡು ವರ್ಷದ ಹಿಂದೆ ಅಪ್ಪ ತೀರಿಹೋದ. 4 ಎಕರೆ 20 ಗುಂಟೆ ಹೊಲ. ಅರ್ಧ ಭತ್ತ, ಅರ್ಧ ಗೋವಿನಜೋಳ. ವಾರಸಾ ಮಾಡಿಸಬೇಕಿತ್ತು. ವಾರಸುದಾರರು ಮೂವರು: ಅವ್ವ, ಅಕ್ಕ, ನಾನು. ಅಕ್ಕನನ್ನು ಹಿರೇಕೆರೂರು ಕಡೆ ಕೊಟ್ಟು ಆಗಲೇ 18 ವರ್ಷ. “ಆಕೀದೊಂದು ಸಹಿ ಹಾಕಿಸಿಬಿಡ್ರಿ, ಮುಂದ ತಕರಾರು ಇರೂದಿಲ್ಲ” ಅಂತ ಊರ ಹಿರಿಯರು ಹೇಳಿದರು. ನಾನೂ ಹೂಂ ಅಂದೆ.

ಅಕ್ಕ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಬಂದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ನನಗೆ ಇಷ್ಟ ಅಂತ ಬದನೆಕಾಯಿ ಪಲ್ಯ. ಕಚೇರಿ ಹೊರಗಿನ ಬೇವಿನ ಮರದ ಕೆಳಗೆ ಬಾಂಡ್ ಬರೆಯುವವರು ಗಡಗಡ ಓದಿ ಹೇಳಿದರು: ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ತನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾಳೆ. ಹಕ್ಕು ಬಿಡುಗಡೆ ಪತ್ರ ಅಂತ ಅದರ ಹೆಸರು. ಅಕ್ಕ ಏಳನೇ ಇಯತ್ತೆವರೆಗೆ ಕಲಿತವಳು. ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಮಾಡಿ, ಪೆನ್ನು ವಾಪಸ್ ಕೊಡುತ್ತಾ ಕೇಳಿದಳು.

“ತಮ್ಮಾ, ಇನ್ನ ಮ್ಯಾಲೆ ಉತಾರದಾಗ ನನ್ನ ಹೆಸರು ಬರೂದಿಲ್ಲೇನು?”

“ಇಲ್ಲಕ್ಕ.”

“ಇರ್ಲಿ ಬಿಡು. ಪಂಚಮಿಗೆ ಕರೀಲಿಕ್ಕೆ ಮಾತ್ರ ಮರೀಬ್ಯಾಡ.”

ಅವತ್ತು ನನಗೆ ಏನೂ ಅನಿಸಲಿಲ್ಲ. ಕೆಲಸ ಆಯ್ತಲ್ಲ ಅಂತ ಸಂಜೆ ಬಸ್ಸು ಹತ್ತಿದೆ. ಅನಿಸಿದ್ದು ಕೆಲವು ತಿಂಗಳು ಬಿಟ್ಟು, ಅದೂ ಒಬ್ಬ ಚೀನೀ ಗುಮಾಸ್ತನ ದೆಸೆಯಿಂದ. ಅವನು ಸತ್ತು 2,200 ವರ್ಷ ಆಗಿದೆ.

*

ನಮ್ಮ ಪ್ರಾಜೆಕ್ಟಿನಲ್ಲಿ ವುಹಾನ್ ನಗರದ ಸಹೋದ್ಯೋಗಿಯೊಬ್ಬ ಇದ್ದಾನೆ. ಒಂದು ಕಾಲ್‌ನಲ್ಲಿ ಬೇರೆಯವರು ಸೇರುವ ತನಕ ಹರಟುತ್ತಾ, ನಿಮ್ಮೂರಲ್ಲಿ ನೋಡುವಂಥದ್ದು ಏನಿದೆ ಅಂತ ಕೇಳಿದ. ನಾನು ಅಜ್ಜಿಯ ತವರು ಸವಣೂರಿನ ದೊಡ್ಡಹುಣಸೆ ಮರಗಳ ಬಗ್ಗೆ ಹೇಳಿದೆ, ಆಫ್ರಿಕಾ ಮೂಲದ ಆ ಬಾವೊಬಾಬ್ ಮರಗಳು ಇಲ್ಲಿ ಬೇರು ಬಿಟ್ಟಿರುವುದನ್ನು ಹೇಳಿದೆ. ನಿಮ್ಮಲ್ಲಿ? ಅಂದೆ. ಅವನು, “ನಮ್ಮ ಮ್ಯೂಸಿಯಮ್ಮಿನಲ್ಲಿ ಒಬ್ಬ ಸರ್ಕಾರಿ ನೌಕರ ಇದ್ದಾನೆ, ಅವನ ಕಡತಗಳ ಸಮೇತ” ಅಂದ. ತಮಾಷೆ ಅಂದುಕೊಂಡೆ. ಅಲ್ಲ.

1975ರ ಕೊನೆಯಲ್ಲಿ ಹುಬೇ ಪ್ರಾಂತದ ಯುನ್‌ಮೆಂಗ್ ಎಂಬಲ್ಲಿ ರೈತರು ಕಾಲುವೆ ತೋಡುವಾಗ ಕೆಲವು ಹಳೇ ಗೋರಿಗಳು ಸಿಕ್ಕವು. ಜಾಗದ ಹೆಸರು ಶುಯ್‌ಹುದಿ. ಅದರಲ್ಲಿ 11ನೇ ಗೋರಿಯಲ್ಲಿ ಮಲಗಿದ್ದವನು ರಾಜನಲ್ಲ, ಸೇನಾಪತಿಯಲ್ಲ. ನಮ್ಮ ಲೆಕ್ಕದಲ್ಲಿ ತಾಲೂಕು ಕಚೇರಿಯ ಗುಮಾಸ್ತ. ಹೆಸರು ಶಿ. ಆ ಪದಕ್ಕೆ ಸಂತೋಷ ಅಂತ ಅರ್ಥ. ನಮ್ಮೂರಲ್ಲಿ ಹುಟ್ಟಿದ್ದರೆ ಸಂತೋಷಪ್ಪ ಆಗುತ್ತಿದ್ದ. ರಾಜರ ಗೋರಿಯಲ್ಲಿ ಚಿನ್ನ, ಕಂಚು ಇಡುತ್ತಾರೆ. ಸಂತೋಷಪ್ಪನ ಗೋರಿಯಲ್ಲಿ 1,100ಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳಿದ್ದವು. ಕಾಗದ ಇನ್ನೂ ಬಳಕೆಗೆ ಬಾರದ ಕಾಲ, ಬಿದಿರಿನ ತೆಳು ಪಟ್ಟಿಗಳ ಮೇಲೆ ಶಾಯಿಯಲ್ಲಿ ಬರೆದು ದಾರದಿಂದ ಪೋಣಿಸುತ್ತಿದ್ದರು. ತಲೆಯ ಹತ್ತಿರ, ಪಕ್ಕೆಯಲ್ಲಿ, ಕಾಲ ಬಳಿ, ತನ್ನ ಕಡತಗಳ ನಡುವೆಯೇ ಅವನು ಮಲಗಿದ್ದ.

ಅವನ ಕಾಲ ಯಾವುದು ಅಂತ ತಿಳಿದರೆ ಈ ಕಡತಗಳ ಬೆಲೆ ಗೊತ್ತಾಗುತ್ತದೆ. ಆಗ ಚೀನಾ ಒಂದು ದೇಶ ಅಲ್ಲ. ಏಳು ದೊಡ್ಡ ರಾಜ್ಯಗಳು ಶತಮಾನಗಳಿಂದ ಕಾದಾಡುತ್ತಿದ್ದವು. ಪಶ್ಚಿಮದ ಚಿನ್ ರಾಜ್ಯ ಒಂದೊಂದನ್ನೇ ನುಂಗುತ್ತಾ ಬಂದು, ಕ್ರಿ.ಪೂ. 221ರಲ್ಲಿ ಕೊನೆಯದನ್ನೂ ಗೆದ್ದಿತು. ಅದರ ದೊರೆ ತನ್ನನ್ನು ‘ಚಿನ್ ಶಿ ಹ್ವಾಂಗ್’, ಅಂದರೆ ಚಿನ್ ವಂಶದ ಮೊದಲ ಚಕ್ರವರ್ತಿ ಎಂದು ಕರೆದುಕೊಂಡ. ತನ್ನ ನಂತರ ಎರಡನೆಯವನು, ಮೂರನೆಯವನು, ಹೀಗೆ ಹತ್ತು ಸಾವಿರ ತಲೆಮಾರಿನವರೆಗೆ ಅಂತ ಲೆಕ್ಕ ಹಾಕಿದ್ದ. ಮಣ್ಣಿನ ಸೈನಿಕರ ದಂಡನ್ನು ತನ್ನ ಸಮಾಧಿಯ ಬಳಿ ಹೂಳಿಸಿದವನು ಇವನೇ. ಚೀನಾ ಅನ್ನುವ ಹೆಸರು ಬಂದದ್ದೇ ‘ಚಿನ್’ನಿಂದ ಅನ್ನುವವರೂ ಬಹಳ.

ಈ ಸಾಮ್ರಾಜ್ಯ ಹಳ್ಳಿಗೆ ಹೇಗೆ ತಲುಪುತ್ತಿತ್ತು? ಶಿಯ ಪಟ್ಟಿಗಳಲ್ಲಿ ಉತ್ತರ ಇದೆ. ಹೊಲದ ಕಾನೂನು ಹೇಳುತ್ತದೆ: ಹದವಾದ ಮಳೆ ಬಿದ್ದರೆ, ಎಷ್ಟು ಹೊಲಕ್ಕೆ ಅನುಕೂಲವಾಯಿತು ಅಂತ ಮೇಲಿನವರಿಗೆ ಬರೆದು ಕಳಿಸಬೇಕು. ಬರ, ಬಿರುಗಾಳಿ, ನೆರೆ, ಮಿಡತೆ ಬಂದರೂ ಬರೆಯಬೇಕು. ಬಾಯಿಮಾತು ನಡೆಯುವುದಿಲ್ಲ. ಹತ್ತಿರದ ಊರಾದರೆ ಚುರುಕು ಕಾಲಿನವನ ಕೈಯಲ್ಲಿ, ದೂರವಾದರೆ ಟಪಾಲಿನಲ್ಲಿ. ಸರ್ಕಾರಿ ಕಣಜದಲ್ಲಿ ಇಲಿಬಿಲ ಎಷ್ಟಿದ್ದರೆ ತಪ್ಪು ಅನ್ನುವುದಕ್ಕೂ ಲೆಕ್ಕ ಇದೆ. ಎರಡು ಬಿಲ ಇದ್ದರೆ ಬೈಗುಳ, ಮೂರಾದರೆ ಒಂದು ಗುರಾಣಿಯ ಬೆಲೆಯಷ್ಟು ದಂಡ. ಸಣ್ಣ ಇಲಿಯ ಮೂರು ಬಿಲ ದೊಡ್ಡ ಇಲಿಯ ಒಂದಕ್ಕೆ ಸಮ! ಬಗ್‌ಗಳ ತೀವ್ರತೆಯನ್ನು ಒಂದು, ಎರಡು, ಮೂರು ಅಂತ ವಿಂಗಡಿಸಿ ಬದುಕುವ ನನ್ನಂಥವನಿಗೆ ಈ ಜನ ತೀರಾ ಪರಕೀಯರು ಅನಿಸಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಚಿನ್ ಸಾಮ್ರಾಜ್ಯ ಉರುಳಲು ಶುರುವಾದದ್ದು ಕ್ರಿ.ಪೂ. 209ರಲ್ಲಿ, ಚೆನ್ ಶೆಂಗ್ ಎಂಬ ಕೂಲಿಯ ಬಂಡಾಯದಿಂದ. ಹಾನ್ ಕಾಲದ ಇತಿಹಾಸಕಾರ ಸಿಮಾ ಚಿಯೆನ್ ಬರೆದ ಕಥೆ ಇದು. ಗಡಿ ಕಾವಲಿಗೆ ಹೊರಟ 900 ಜನರ ತಂಡ ಮಳೆಗೆ ಸಿಕ್ಕಿ ತಡವಾಯಿತು. ತಡವಾದರೆ ಮರಣದಂಡನೆ. ಹೇಗೂ ಸಾಯುವುದೇ ಆದರೆ ಬಂಡೆದ್ದೇ ಸಾಯೋಣ ಅಂದರು. ಎರಡು ಸಾವಿರ ವರ್ಷ ಎಲ್ಲರೂ ಇದನ್ನೇ ಓದಿದರು. ಆದರೆ ಶಿಯ ಗೋರಿಯಲ್ಲಿ ಸಿಕ್ಕ ಬಿಟ್ಟಿ ಕೆಲಸದ ಕಾನೂನು ಬೇರೆ ಹೇಳುತ್ತದೆ: 3ರಿಂದ 5 ದಿನ ತಡವಾದರೆ ಬೈಗುಳ, 6ರಿಂದ 10 ದಿನಕ್ಕೆ ಒಂದು ಗುರಾಣಿ ದಂಡ, ಅದಕ್ಕೂ ಮೀರಿದರೆ ಒಂದು ಕವಚದ ದಂಡ. ಮಳೆ ಬಂದರೆ? ಕೆಲಸವೇ ರದ್ದು. ಇದು ಬಿಟ್ಟಿ ಕೆಲಸಕ್ಕೆ, ಸೈನ್ಯದ ನಿಯಮ ಬೇರೆ ಇದ್ದಿರಬಹುದು ಅನ್ನುವ ವಿದ್ವಾಂಸರೂ ಇದ್ದಾರೆ. ಅದೇನೇ ಇರಲಿ, ಸೋತ ವಂಶದ ಬಗ್ಗೆ ಗೆದ್ದ ವಂಶದವರು ಬರೆದದ್ದನ್ನು ಕಣ್ಣುಮುಚ್ಚಿ ನಂಬಬಾರದು ಅಂತ ಕಲಿಸಿದ್ದು ಒಬ್ಬ ಗುಮಾಸ್ತನ ಕಡತ.

ಆದರೆ ನನ್ನನ್ನು ಅಲ್ಲಾಡಿಸಿದ್ದು ಕಾನೂನಿನ ಪಟ್ಟಿಗಳಲ್ಲ. ಶಿ ಒಂದು ವರ್ಷವಾರು ಪಟ್ಟಿ ಇಟ್ಟಿದ್ದ. ಕ್ರಿ.ಪೂ. 306ರಿಂದ 217ರವರೆಗೆ ಪ್ರತಿ ವರ್ಷಕ್ಕೂ ಒಂದು ಸಾಲು. ಯಾವ ವರ್ಷ ಯಾವ ಊರಿನ ಮೇಲೆ ದಾಳಿ ಅನ್ನುವುದು ಮೊದಲಿಗೆ. ನಡುನಡುವೆ ಅವನ ಮನೆಯ ಸುದ್ದಿ: ತಾನು ಹುಟ್ಟಿದ್ದು (ಕ್ರಿ.ಪೂ. 262), ತಮ್ಮ ಹುಟ್ಟಿದ್ದು, ನೌಕರಿ ಸೇರಿದ್ದು, ಸೈನ್ಯಕ್ಕೆ ಹೋಗಿದ್ದು, ಅಪ್ಪ ತೀರಿದ್ದು. ಈಗ ಕ್ರಿ.ಪೂ. 221ಕ್ಕೆ ಬನ್ನಿ. ಏಳು ರಾಜ್ಯ ಒಂದಾದ ವರ್ಷ, ಚೀನಾದ ಇತಿಹಾಸದ ಅತಿ ದೊಡ್ಡ ವರ್ಷಗಳಲ್ಲಿ ಒಂದು. ಶಿ ಏನು ಬರೆದಿದ್ದಾನೆ? ಏನೂ ಇಲ್ಲ. ವರ್ಷದ ಸಂಖ್ಯೆ ಇದೆ, ಮುಂದೆ ಖಾಲಿ. ಮರುವರ್ಷದ ಸಾಲಿನಲ್ಲಿ ಇದೆ: ಎಂಟನೇ ತಿಂಗಳ ಇಂಥ ದಿನ, ಊಟದ ಹೊತ್ತಿಗೆ, ಮಗು ಹುಟ್ಟಿತು. ಮಗುವಿನ ಹೆಸರು ಚ್ವಾನ್‌ಅರ್. ‘ಕಿವಿ ಚುಚ್ಚಿದ್ದು’ ಅಂತ ಅರ್ಥ. ಹೆಣ್ಣುಮಗು ಇರಬೇಕು ಅಂತಾರೆ.

ಸಾಮ್ರಾಜ್ಯ ಹುಟ್ಟಿದ ವರ್ಷ ಖಾಲಿ ಬಿಟ್ಟವನು ಮಗಳು ಹುಟ್ಟಿದ ಹೊತ್ತನ್ನೂ ಬರೆದಿಟ್ಟಿದ್ದ. ರಾತ್ರಿ ಹನ್ನೊಂದಕ್ಕೆ, ಬೆಂಗಳೂರಿನ ರೂಮಿನಲ್ಲಿ, ಇದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿದೆ. ಕಣ್ಣ ಮುಂದೆ ಬಂದದ್ದು ಅಕ್ಕ ವಾಪಸ್ ಕೊಟ್ಟ ಪೆನ್ನು.

*

ಇಷ್ಟಾದರೂ, ಚಿನ್‌ನವರು ಒಳ್ಳೆಯವರು ಅಂತ ಹೇಳಹೊರಟಿಲ್ಲ. ದೊಡ್ಡ ಗೋಡೆಗೆ, ಅರಮನೆಗೆ, ಸಮಾಧಿಗೆ ಲಕ್ಷಾಂತರ ಜನರನ್ನು ದುಡಿಸಿದವರು. ಆದರೆ ಒಂದು ಮಾತು ಒಪ್ಪಬೇಕು, ಅಳತೆ ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು. ಶಾಂಘೈ ಮ್ಯೂಸಿಯಮ್ಮಿನಲ್ಲಿ ಒಂದು ಕಂಚಿನ ಅಳತೆಪಾತ್ರೆ ಇದೆ. ಸುಮಾರು 200 ಮಿ.ಲೀ. ಹಿಡಿಯುತ್ತದೆ. ಕ್ರಿ.ಪೂ. 344ರಲ್ಲಿ ಚಿನ್ ಮಂತ್ರಿ ಶಾಂಗ್ ಯಾಂಗ್ ಮಾಡಿಸಿದ್ದು ಅಂತ ಅದರ ಮೇಲೇ ಬರೆದಿದೆ. ಅದೇ ಪಾತ್ರೆಯ ತಳದಲ್ಲಿ ಕ್ರಿ.ಪೂ. 221ರ ಚಕ್ರವರ್ತಿಯ ಆಜ್ಞೆಯೂ ಇದೆ. ಅಂದರೆ 123 ವರ್ಷದ ಹಿಂದಿನ ಒಂದು ರಾಜ್ಯದ ಅಳತೆ ಇಡೀ ದೇಶದ ಅಳತೆ ಆಯಿತು. ತೂಕ, ಲಿಪಿ, ಗಾಡಿ ಅಚ್ಚಿನ ಅಗಲ, ಎಲ್ಲಕ್ಕೂ ಹೀಗೇ ಒಂದೇ ಮಾದರಿ.

ದೇಶವನ್ನು 36 ಪ್ರಾಂತಗಳಾಗಿ, ಅವನ್ನು ‘ಶಿಯೆನ್’ಗಳಾಗಿ ಒಡೆದರು. ಶಿಯೆನ್ ಅಂದರೆ ಹೆಚ್ಚುಕಡಿಮೆ ನಮ್ಮ ತಾಲೂಕು. 2002ರಲ್ಲಿ ಹುನಾನ್ ಪ್ರಾಂತದ ಲಿಯೆ ಎಂಬ ಮೂಲೆ ಊರಿನಲ್ಲಿ, ಅಂಥದೇ ಒಂದು ತಾಲೂಕು ಕಚೇರಿಯ ಹಾಳುಬಾವಿಯಲ್ಲಿ, 36,000ಕ್ಕೂ ಹೆಚ್ಚು ಪಟ್ಟಿಗಳು ಸಿಕ್ಕವು. ಅದರಲ್ಲಿ ಒಂದು ಮಗ್ಗಿ. ನಮ್ಮ ಹಾಗೆ ಕೆಳಗಿನಿಂದ ಅಲ್ಲ, ಒಂಬತ್ತೊಂಬತ್ಲೆ ಎಂಬತ್ತೊಂದರಿಂದ ಶುರುವಾಗಿ ಇಳಿಯುತ್ತದೆ. ಅದೇ ಊರಿನ ಕಂದಕದಲ್ಲಿ ಮನೆಗಣತಿಯ ಹಲಗೆಗಳೂ ಸಿಕ್ಕವು. ಒಂದು ಮನೆಗೆ ಒಂದು ಹಲಗೆ, ಹಲಗೆಯಲ್ಲಿ ಐದು ಅಡ್ಡಸಾಲು. ಮೊದಲು ಮನೆಯ ಯಜಮಾನ, ಆಮೇಲೆ ಹೆಂಡತಿ, ಆಮೇಲೆ ಗಂಡುಮಕ್ಕಳು, ಆಮೇಲೆ ಹೆಣ್ಣುಮಕ್ಕಳು, ಕೊನೆಗೆ ಮನೆಯ ಆಳು. ಹೆಂಡತಿಯದೂ ಹೆಸರು, ಸಣ್ಣ ಮಗಳದೂ ಹೆಸರು, ಆಳಿನದೂ ಹೆಸರು.

ಪ್ರೀತಿಯಿಂದ ಬರೆದದ್ದಲ್ಲ ಅದು. ತೆರಿಗೆಗೆ, ಬಿಟ್ಟಿ ಕೆಲಸಕ್ಕೆ, ಓಡಿಹೋದರೆ ಹಿಡಿಯುವುದಕ್ಕೆ ಬರೆದದ್ದು. ಎಲ್ಲರಿಂದ ಕಿತ್ತುಕೊಳ್ಳಬೇಕು ಅಂದರೆ ಎಲ್ಲರ ಹೆಸರೂ ಬೇಕಲ್ಲ. ಆದರೂ ಆ ಹುಡುಗಿಯ ಹೆಸರು ಇವತ್ತಿಗೂ ಇದೆ.

ಹತ್ತು ಸಾವಿರ ತಲೆಮಾರಿನ ಲೆಕ್ಕ ಹಾಕಿದ್ದ ಚಿನ್ ವಂಶ ಹದಿನೈದೇ ವರ್ಷದಲ್ಲಿ ಮುಗಿಯಿತು. ರಾಜಧಾನಿ ಶಿಯೆನ್‌ಯಾಂಗ್‌ಗೆ ಮೊದಲು ನುಗ್ಗಿದ್ದು ಲಿಯು ಬಾಂಗ್‌ನ ಪಡೆ. ಅವನೂ ಒಂದು ಕಾಲದಲ್ಲಿ ಠಾಣೆ ಮಟ್ಟದ ಸಣ್ಣ ನೌಕರ. ಸೇನಾಪತಿಗಳೆಲ್ಲ ಬಂಗಾರ, ರೇಷ್ಮೆ ದೋಚಲು ಓಡಿದರೆ, ಶಿಯಾವ್ ಹೆ ಎಂಬ ಒಬ್ಬ ಮಾತ್ರ ಕಚೇರಿಗೆ ಹೋಗಿ ಕಾನೂನಿನ ಕಡತ, ನಕ್ಷೆ, ಮನೆಗಣತಿಯ ದಾಖಲೆಗಳನ್ನು ಹೊತ್ತುಕೊಂಡು ಬಂದ. ಅವನು ಹಳೆಯ ತಾಲೂಕು ಗುಮಾಸ್ತ! ಆಮೇಲೆ ಬಂದ ಶಿಯಾಂಗ್ ಯು ಊರಿಗೆ ಬೆಂಕಿ ಇಟ್ಟ. ಸರ್ವರ್ ಸುಡುವ ಮೊದಲೇ ಬ್ಯಾಕಪ್ ತೆಗೆದುಕೊಂಡಿದ್ದ ಪುಣ್ಯಾತ್ಮ ಶಿಯಾವ್ ಹೆ. ಎಲ್ಲಿ ಎಷ್ಟು ಮನೆ, ಎಲ್ಲಿ ಯಾವ ಕಣಿವೆ ಅಂತ ಲಿಯು ಬಾಂಗ್‌ಗೆ ಗೊತ್ತಿತ್ತು, ಎದುರಾಳಿಗೆ ಗೊತ್ತಿರಲಿಲ್ಲ. ಕ್ರಿ.ಪೂ. 202ರಲ್ಲಿ ಲಿಯು ಬಾಂಗ್ ಚಕ್ರವರ್ತಿಯಾದ. ಅವನು ಕಟ್ಟಿದ ಹಾನ್ ಸಾಮ್ರಾಜ್ಯ, ನಡುವೆ ಒಂದು ಸಣ್ಣ ವಿರಾಮ ಬಿಟ್ಟರೆ, ಕ್ರಿ.ಶ. 220ರವರೆಗೆ ಬಾಳಿತು. ಕ್ರಿ.ಶ. 2ರಲ್ಲಿ ಅವರು ಮಾಡಿದ ಗಣತಿಯ ಅಂಕಿ ಇವತ್ತಿಗೂ ಉಳಿದಿದೆ: 1,22,33,062 ಮನೆ, 5,95,94,978 ಜನ.

ಹಾನ್ ಕಾಲದ ಇನ್ನೊಬ್ಬ ಸಣ್ಣ ಅಧಿಕಾರಿಯ ಗೋರಿ ಹುಬೇಯ ಜಾಂಗ್‌ಜಿಯಾಶಾನ್‌ನಲ್ಲಿ ಸಿಕ್ಕಿದೆ. ಅದರಲ್ಲಿ ಕ್ರಿ.ಪೂ. 186ರ ಕಾನೂನುಗಳಿವೆ. ಆಗ ಆಳುತ್ತಿದ್ದವಳು ಲಿಯು ಬಾಂಗ್‌ನ ವಿಧವೆ, ರಾಣಿ ಲ್ಯೂ. ಅದರಲ್ಲಿ ವಾರಸಾದ ನಿಯಮ ಇದೆ. ಮಗ ಇಲ್ಲದೆ ಸತ್ತವನ ಮನೆಯ ಯಜಮಾನಿಕೆ ಮೊದಲು ಅಪ್ಪ ಅಥವಾ ಅವ್ವನಿಗೆ, ಅವರಿಲ್ಲದಿದ್ದರೆ ಹೆಂಡತಿಗೆ, ಆಕೆಯೂ ಇಲ್ಲದಿದ್ದರೆ ಮಗಳಿಗೆ. ಮಗ ಇದ್ದರೆ ಮಗಳ ಮಾತಿಲ್ಲ, ನಿಜ. ಆದರೂ ಸಾಲಿನಲ್ಲಿ ಅವಳಿಗೊಂದು ಜಾಗ ಇತ್ತು. ನಮ್ಮಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಸಮಾನ ಹಕ್ಕಿಗೆ ಕರ್ನಾಟಕದ ತಿದ್ದುಪಡಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಕಾನೂನು ಬಂತು. ಅದರ ಬೆನ್ನಿಗೇ ಹಕ್ಕು ಬಿಡುಗಡೆ ಪತ್ರವೂ ಮನೆಮನೆಗೆ ಬಂತು.

*

ಹಾನ್ ಅಂದಾಗಲೆಲ್ಲ ನನಗೆ ಹಾನಗಲ್ ನೆನಪಾಗುತ್ತದೆ. ಸಂಬಂಧ ಏನೂ ಇಲ್ಲ ಬಿಡಿ. ಶಾಸನಗಳಲ್ಲಿ ನಮ್ಮ ಊರು ‘ಪಾನುಂಗಲ್’. ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ, ಪಾನುಂಗಲ್ ಹಾನುಂಗಲ್ ಆಗಿ ಹಾನಗಲ್ ಆಯಿತು. ಆದರೆ ಆ ಕಾಲದಲ್ಲಿ ನಮ್ಮ ನೆಲದಲ್ಲಿ ಬರೆಯುವವರು ಯಾರಿದ್ದರು ಅನ್ನುವ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಇದ್ದರು. ಶಿ ಹುಟ್ಟಿದ ಹೊತ್ತಿಗೆ ಇಲ್ಲಿ ಮೌರ್ಯ ಅಶೋಕನ ಆಳ್ವಿಕೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅವನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸುತ್ತೋಲೆ ಅದು: ಕ್ಷೇಮ ವಿಚಾರಿಸಿ, ತಾಯಿತಂದೆಯ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ ಅನ್ನುತ್ತದೆ. ಕೊನೆಯಲ್ಲಿ ಬರೆದವನ ಹೆಸರು ಇದೆ: ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ. ಆದರೆ ತಾನು ಲಿಪಿಕಾರ ಅನ್ನುವ ಒಂದು ಪದವನ್ನು ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಬಲದಿಂದ ಎಡಕ್ಕೆ ಬರೆಯುವ, ದೂರದ ವಾಯವ್ಯದ ಗಾಂಧಾರ ಕಡೆಯ ಲಿಪಿ ಅದು. ಅಂದರೆ ಆ ಕಡೆ ಕಲಿತು ಇಲ್ಲಿಗೆ ವರ್ಗವಾಗಿ ಬಂದ ನೌಕರ. ಕಂಪನಿಯ ಕೋಡಿನ ಮೂಲೆಯಲ್ಲಿ ನಾನು ಒಮ್ಮೊಮ್ಮೆ ಕನ್ನಡದಲ್ಲಿ ಒಂದು ಸಾಲು ಕಾಮೆಂಟ್ ಬರೆದಿಡುತ್ತೇನೆ, ಯಾರೂ ಓದಲ್ಲ ಅಂತ ಗೊತ್ತಿದ್ದೂ. ಚಪಡ ಮಾಡಿದ್ದೂ ಅದೇ.

ಆಮೇಲೆ ನಮ್ಮವರದೇ ರಾಜ್ಯಗಳು ಬಂದವು. ಹಿರೇಕೆರೂರಿನ ಪಕ್ಕದ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಕದಂಬರ ಕಂಬ ಇದೆ. ಮಯೂರಶರ್ಮ ಕಂಚಿಗೆ ಓದಲು ಹೋಗಿ, ಪಲ್ಲವರಿಂದ ಅವಮಾನವಾಗಿ, ಕತ್ತಿ ಹಿಡಿದ ಕಥೆ ಗೊತ್ತಾದದ್ದೇ ಅದರಿಂದ. ಬರೆದ ಕವಿ ಕುಬ್ಜ ತನ್ನ ಕಾವ್ಯವನ್ನು ಕಲ್ಲಿನ ಮೇಲೆ ಬರೆದದ್ದು ತಾನೇ ಅಂತ ಹೇಳಿಕೊಂಡಿದ್ದಾನೆ. ನಂತರದ ಶತಮಾನಗಳಲ್ಲಿ ಶಾಸನಗಳ ಸಾಲೇ ಇದೆ. ಬನವಾಸಿ 12000, ಪಾನುಂಗಲ್ 500 ಅಂತ ನಾಡುಗಳಿಗೂ ಸಂಖ್ಯೆ. ಶಿಗ್ಗಾಂವಿ ತಾಲೂಕಿನ ಬಂಕಾಪುರಕ್ಕೆ ಹೆಸರು ಬಂದದ್ದು ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೇಶನಿಂದ. ಅದೇ ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 851ರ ಒಂದು ಅರಬ್ಬೀ ಪುಸ್ತಕ ಜಗತ್ತಿನ ನಾಲ್ಕು ದೊಡ್ಡ ರಾಜರನ್ನು ಹೆಸರಿಸುತ್ತದೆ: ಅರಬರ ಖಲೀಫ, ಚೀನಾದ ದೊರೆ, ರೋಮನರ ದೊರೆ, ಮತ್ತೆ ‘ಬಲ್ಹರಾ’. ಬಲ್ಹರಾ ಅಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ. ಚೀನಾ ಮತ್ತು ನಮ್ಮ ಸೀಮೆ ಒಂದೇ ಪಟ್ಟಿಯಲ್ಲಿ!

ಆದರೆ ಎರಡೂ ಕಡೆಯ ಬರಹದಲ್ಲಿ ಒಂದು ವ್ಯತ್ಯಾಸ ಇದೆ. ಲಿಯೆಯ ಹಲಗೆ ಕಚೇರಿಯೊಳಗಿನ ಕಡತ, ಯಾರಿಂದ ವಸೂಲಿ ಮಾಡಬೇಕು ಅಂತ ಹೇಳುವುದು. ನಮ್ಮ ಕಲ್ಲು ಊರ ಮುಂದಿನ ಘೋಷಣೆ, ಯಾರು ಏನು ಕೊಟ್ಟರು ಅಂತ ಹೇಳುವುದು. ಇಂಥ ದೇವರಿಗೆ, ಇಂಥ ಕೆರೆಗೆ, ಇಷ್ಟು ಮತ್ತರು ಭೂಮಿ. ಚಿನ್ ಕಾನೂನು ತಪ್ಪಿದರೆ ಗುರಾಣಿ ದಂಡ. ನಮ್ಮ ಶಾಸನ ಅಳಿದರೆ ವಾರಣಾಸಿಯಲ್ಲಿ ಸಾವಿರ ಹಸು ಕೊಂದ ಪಾಪ. ಊಳಿದವನ, ಕಳೆ ಕಿತ್ತವಳ ಹೆಸರು ದಾನದ ಕಲ್ಲಿಗೆ ಬೇಕಿರಲಿಲ್ಲ. ಕೊಡುವುದಕ್ಕೆ ಇದ್ದವರ ಹೆಸರು ಉಳಿಯಿತು.

ಹಾಗೆ ಉಳಿದ ಒಂದು ಹೆಸರು ಅಕ್ಕಾದೇವಿ. ಕಲ್ಯಾಣದ ಚಾಲುಕ್ಯ ದೊರೆ ಎರಡನೇ ಜಯಸಿಂಹನ ಅಕ್ಕ. 11ನೇ ಶತಮಾನದಲ್ಲಿ ನಾಡುಗಳನ್ನು ಆಳಿದವಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಹಾನಗಲ್ಲಿನ ಆಡಳಿತದ ಜೊತೆಗೂ ಅವಳ ಹೆಸರಿದೆ. ಗುಣದಬೆಡಂಗಿ ಅನ್ನುವುದು ಅವಳ ಬಿರುದು. ಒಬ್ಬ ತಮ್ಮ ರಾಜನಾಗಿದ್ದಾಗ ಅಕ್ಕನ ಹೆಸರು ಕಲ್ಲಿನಲ್ಲಿ ಬಂತು, ಒಂದು ಸಾವಿರ ವರ್ಷ ಉಳಿಯಿತು. ಇದನ್ನು ಓದುವಾಗ ನನಗೆ ಹೆಮ್ಮೆ ಆಗಬೇಕಿತ್ತು. ನಾಚಿಕೆ ಆಯಿತು.

*

ಒಂದು ಉತಾರದ ಸುತ್ತಲಿನ ಪದಗಳನ್ನೇ ನೋಡಿ. ಹಾನಗಲ್ ಕನ್ನಡ. ತಾಲೂಕು, ಜಿಲ್ಲೆ, ವಾರಸಾ ಅರಬ್ಬೀ ಮೂಲದವು, ಸುಲ್ತಾನರ, ಸವಣೂರು ನವಾಬರ ದಫ್ತರುಗಳಲ್ಲಿ ಓಡಾಡಿದವು. ಉತಾರ ಮರಾಠಿ. ಎಕರೆ ಇಂಗ್ಲಿಷ್. ಮುಂಬಯಿ ಸರ್ಕಾರದ ಸರ್ವೆಯವರು 33 ಅಡಿಯ ಸರಪಳಿ ಎಳೆದರು. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ, 1,089 ಚದರಡಿ. ಅಂಥ 40 ಸೇರಿದರೆ ಎಕರೆ. ಈ ಶತಮಾನದ ಆರಂಭದಲ್ಲಿ ಎಲ್ಲ ಕಂಪ್ಯೂಟರಿಗೆ ಬಂತು. ಸಾಮ್ರಾಜ್ಯಗಳು ಬಂದು ಹೋದವು, ಅವರ ಗುಮಾಸ್ತರ ಪದಗಳು ನಮ್ಮ ಹೊಲದಲ್ಲೇ ಉಳಿದವು. ಆದರೆ ಒಂದು ಮಾತು. ಅಕ್ಕನ ಹೆಸರನ್ನು ಆ ಹಾಳೆಯಿಂದ ತೆಗೆಸಿದ್ದು ಯಾವ ಚಕ್ರವರ್ತಿಯೂ ಅಲ್ಲ, ಯಾವ ಗುಮಾಸ್ತನೂ ಅಲ್ಲ. ಅವರು ಹೇಳಿದ್ದನ್ನು ಬರೆದುಕೊಂಡರು. ಹೇಳಿದವನು ನಾನು.

ನಾನು ಹೈಸ್ಕೂಲಿಗೆ ಹೋಗುವಾಗ ಅಕ್ಕ ಶಾಲೆ ಬಿಟ್ಟಿದ್ದಳು. ಭತ್ತದ ಗದ್ದೆಯಲ್ಲಿ ಕಳೆ ಕಿತ್ತು, ಬೇರೆಯವರ ಹೊಲಕ್ಕೂ ಕೂಲಿಗೆ ಹೋಗಿ, ನನ್ನ ಹಾಸ್ಟೆಲ್ಲಿನ ಖರ್ಚು ಕಳಿಸುತ್ತಿದ್ದಳು. ನನ್ನ ಬಿಇ ಸರ್ಟಿಫಿಕೇಟಿನಲ್ಲಿ ಅವಳ ಹೆಸರಿಲ್ಲ. ಹೊಲದ ಹಾಳೆಯಲ್ಲೂ ಈಗ ಇಲ್ಲ. ಇನ್ನು ಎರಡು ತಲೆಮಾರು ಹೋದರೆ, ಆ 4 ಎಕರೆ 20 ಗುಂಟೆಯಲ್ಲಿ ಅವಳು ಒಂದು ದಿನ ಬಾಗಿ ನಿಂತಿದ್ದಳು ಅನ್ನುವುದಕ್ಕೆ ಸಾಕ್ಷಿಯೇ ಇರಲ್ಲ.

ಈ ಸಲ ಪಂಚಮಿಗೆ ನಾನೇ ಹೋಗಿ ಅಕ್ಕನನ್ನು ಕರೆದುಕೊಂಡು ಬಂದೆ. ಉಂಡಿ ಕಟ್ಟುತ್ತಾ ಕೂತಿದ್ದಳು. ಸಂತೋಷಪ್ಪನ ಕಥೆ ಹೇಳಿದೆ. “ಕಿವಿ ಚುಚ್ಚಿದ್ದು ಅಂತ ಹೆಸರಿಡೂದಾ!” ಅಂತ ನಕ್ಕಳು. ಆಮೇಲೆ, ನನ್ನ ಪಾಲಿನಲ್ಲಿ ಅರ್ಧ ನಿನ್ನ ಹೆಸರಿಗೆ ದಾನಪತ್ರ ಮಾಡಿಸ್ತೀನಿ ಅಂದೆ. ನಗು ನಿಂತಿತು.

“ಹುಚ್ಚಾ ಏನ ನೀನು? ನಿಮ್ಮ ಮಾವಾರು ಏನಂತಾರ, ಊರಾಗ ಮಂದಿ ಏನಂತಾರ? ತವರಿನ ಹೊಲಾ ಕಸಗೊಂಡ್ಲು ಅಂತಾರ.”

ನಾನು ಉತ್ತರ ಹುಡುಕುತ್ತಿದ್ದೆ. ಒಳಗೆ ಒಲೆ ಮುಂದೆ ಕೂತಿದ್ದ ಅವ್ವ, ಮುಖ ಈ ಕಡೆ ತಿರುಗಿಸದೆ ಹೇಳಿದಳು:

“ಬರಸಪಾ. ಕಳೆ ಕಿತ್ತಾಕಿ ಆಕೀನ.”

ಅಕ್ಕ ಅವತ್ತು ಮತ್ತೆ ಆ ಮಾತೇ ಎತ್ತಲಿಲ್ಲ. ಮರುದಿನ ಬಸ್ಸಿಗೆ ಬಿಡಲು ಹೋದಾಗ, ಬಸ್ಸು ಹತ್ತಿ ಕಿಟಕಿಯಿಂದ ಕೇಳಿದಳು: “ತಮ್ಮಾ, ಆಧಾರ್ ಕಾರ್ಡಿಂದು ಝೆರಾಕ್ಸ್ ಎಷ್ಟು ಬೇಕಾಗ್ತಾವು?”

ಎರಡು ಸಾಕು ಅಂದೆ. ನಾಲ್ಕು ಕಳಿಸಿದ್ದಾಳೆ.